ಓಪನ್ ಸೋರ್ಸ್‌ನಲ್ಲಿ ಯಾರಿಗೆ ಯಾರು ಗೊತ್ತು ಅನ್ನೋದು ಯಾಕೆ ಮುಖ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಜಿನಿಯರಿಂಗ್ ಓದ್ತಿರೋ ಹುಡುಗ್ರು ಹುಡುಗೀರು, ಹೊಸದಾಗಿ ಕೆಲಸಕ್ಕೆ ಸೇರಿದೋರು, ಕನ್ನಡ ಅನುವಾದಕ್ಕೆ ಕೈ ಹಾಕಿದೋರು, ಇವರೆಲ್ಲ ಓಪನ್ ಸೋರ್ಸ್ ಬಗ್ಗೆ, ಅಂದ್ರೆ ಕೋಡನ್ನ ಯಾರು ಬೇಕಾದ್ರೂ ಓದಿ ತಿದ್ದಿ ಹಂಚ್ಬಹುದಾದ ಸಾಫ್ಟ್‌ವೇರ್ ಬಗ್ಗೆ, ನನ್ನ ಹತ್ರ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರತಿ ಸಲ ಹೊಸದಾಗಿ ಟೈಪ್ ಮಾಡೋ ಬದಲು ಒಂದೇ ಕಡೆ ಬರೆದಿಡೋಣ ಅಂತ.

ಕೋಡ್ ಚೆನ್ನಾಗಿದ್ರೆ ಸಾಕು ತಾನೆ? ಇದ್ರಲ್ಲಿ ಸೋಶಿಯಲ್ ನೆಟ್‌ವರ್ಕ್ ಮಾತು ಯಾಕೆ ಬಂತು?

ಇಲ್ಲಿ ಸೋಶಿಯಲ್ ನೆಟ್‌ವರ್ಕ್ ಅಂದ್ರೆ ಫೇಸ್‌ಬುಕ್ಕು ಇನ್‌ಸ್ಟಾಗ್ರಾಮು ಅಲ್ಲ. ಯಾರ ಪ್ಯಾಚನ್ನ (ಕೋಡ್‌ಗೆ ಮಾಡಿ ಕಳಿಸೋ ಬದಲಾವಣೆ) ಯಾರು ಓದ್ತಾರೆ, ಯಾರ ಮಾತಿಗೆ ಯಾರು ಬೆಲೆ ಕೊಡ್ತಾರೆ, ಯಾರು ಯಾರ ಜೊತೆ ಹಿಂದೆ ಕೆಲಸ ಮಾಡಿದಾರೆ, ಈ ನಂಟುಗಳು ಸೇರಿ ಆಗೋ ಬಲೆ ಅದು. ಕೋಡ್ ಚೆನ್ನಾಗಿರ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಚೆನ್ನಾಗಿದ್ಯಾ ಇಲ್ವಾ ಅಂತ ಯಾರಾದ್ರೂ ಕೂತು ಓದ್ಬೇಕಲ್ಲ, ಆ ಓದೋರ ಟೈಮೇ ಇಲ್ಲಿ ಎಲ್ಲಕ್ಕಿಂತ ದುಬಾರಿ.

ನನ್ನದೇ ಕತೆ ಹೇಳ್ತೀನಿ. ಒಂದು ಪ್ರಾಜೆಕ್ಟ್‌ಗೆ ನಾನು ಕಳಿಸಿದ ಮೊದಲನೇ ಪ್ಯಾಚ್ ನಾಲ್ಕು ತಿಂಗಳು ಹಂಗೇ ಬಿದ್ದಿತ್ತು, ಬೇಡ ಅಂತಾನೂ ಯಾರೂ ಹೇಳ್ಲಿಲ್ಲ. ಆಮೇಲೆ ಬೆಂಗಳೂರಲ್ಲಿ ಒಂದು ಮೀಟಪ್‌ಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಒಬ್ಬರು "ಈ ಭಾಗ ಈಗ ಅವರು ನೋಡ್ಕೊಳ್ತಿಲ್ಲ, ಇನ್ನೊಬ್ಬರು ನೋಡ್ತಿದಾರೆ, ಅವರಿಗೆ ಕಳ್ಸಿ" ಅಂದ್ರು. ಅದೇ ಪ್ಯಾಚು, ಒಂದಕ್ಷರ ಬದಲಾಗಿಲ್ಲ, ಒಂದೇ ವಾರದಲ್ಲಿ ಮರ್ಜ್ ಆಯ್ತು, ಅಂದ್ರೆ ಪ್ರಾಜೆಕ್ಟ್ ಕೋಡ್‌ಗೆ ಸೇರ್ತು. ಆ ನಾಲ್ಕು ತಿಂಗಳು ನನಗೆ ಕೋಡ್ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ, ನಿಜವಾಗಿ ಇಲ್ಲದೇ ಇದ್ದಿದ್ದು ಒಂದೇ ಒಂದು ನಂಟು.

ಲಿನಕ್ಸ್ ಕರ್ನಲ್‌ನಲ್ಲಿ ಸಾವಿರಾರು ಜನ ಇದಾರೆ, ಎಲ್ಲರೂ ಎಲ್ಲರಿಗೂ ಗೊತ್ತಿರೋಕೆ ಸಾಧ್ಯನಾ?

ಸಾಧ್ಯ ಇಲ್ಲ, ಹಂಗೆ ಗೊತ್ತಿರ್ಬೇಕಾಗಿಲ್ಲ ಅನ್ನೋದೇ ಅಲ್ಲಿನ ಏರ್ಪಾಟು. ಕರ್ನಲ್ ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಈಗ ಸುಮಾರು ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರತ್ತೆ, ಒಂದೊಂದಕ್ಕೂ ಹತ್ತತ್ರ 2000 ಜನ ಕೆಲಸ ಮಾಡಿರ್ತಾರೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಇದನ್ನ ಶುರು ಮಾಡಿದಾಗ ಬಂದ ಪ್ಯಾಚ್‌ಗಳನ್ನೆಲ್ಲ ಅವರೇ ಓದೋರು, ಆಮೇಲೆ ಆಗ್ಲಿಲ್ಲ. ಈಗ ನೆಟ್‌ವರ್ಕಿಂಗ್ ಒಬ್ಬರಿಗೆ, ಫೈಲ್‌ಸಿಸ್ಟಮ್ ಇನ್ನೊಬ್ಬರಿಗೆ, ಯುಎಸ್‌ಬಿ ಮತ್ತೊಬ್ಬರಿಗೆ ಅಂತ ಹಂಚಿಕೊಂಡಿದಾರೆ, ಅವರ ಕೈಕೆಳಗೆ ಒಂದೊಂದು ಡ್ರೈವರ್ (ಒಂದು ಹಾರ್ಡ್‌ವೇರನ್ನ ನಡೆಸೋ ಕೋಡ್) ನೋಡ್ಕೊಳ್ಳೋರು. ನಿಮ್ಮ ಪ್ಯಾಚನ್ನ ಡ್ರೈವರ್‌ನವರು ಓದ್ತಾರೆ, ಅವರನ್ನ ನಂಬಿ ಮೇಲಿನವರು ತಗೋತಾರೆ, ಅವರನ್ನ ನಂಬಿ ಲೀನಸ್ ತಗೋತಾರೆ. ಲೀನಸ್‌ಗೆ ನೀವ್ಯಾರು ಅಂತ ಗೊತ್ತಿರಲ್ಲ, ಗೊತ್ತಿರ್ಬೇಕಾಗೂ ಇಲ್ಲ.

ಊರಲ್ಲಿ ಸೊಸೈಟಿಲಿ ಸಾಲ ತಗೊಳ್ವಾಗ ಜಾಮೀನು ಹಾಕ್ತಾರಲ್ಲ, ಥೇಟ್ ಅದೇ. ಪ್ರತಿ ಪ್ಯಾಚ್ ಕೆಳಗೆ 'ಸೈನ್ಡ್ ಆಫ್ ಬೈ' ಅಂತ ಸಾಲುಗಳು ಇರತ್ತೆ, ಬರೆದೋರ ಹೆಸರು, ಮುಂದಕ್ಕೆ ಸಾಗಿಸಿದೋರ ಹೆಸರು, ಹಿಂಗೆ ಒಂದರ ಕೆಳಗೊಂದು. ಈ ಪದ್ಧತಿ 2004ರಲ್ಲಿ ಬಂದಿದ್ದು, ಆಗ ಎಸ್‌ಸಿಒ ಕಂಪನಿ ಲಿನಕ್ಸ್‌ನಲ್ಲಿ ನಮ್ಮ ಕೋಡ್ ಸೇರಿದೆ ಅಂತ ಕೇಸ್ ಹಾಕಿತ್ತು, ಅದಕ್ಕೆ ಯಾವ ಸಾಲು ಯಾರ ಕೈಯಿಂದ ಬಂತು ಅಂತ ತೋರಿಸೋ ಅಗತ್ಯ ಬಿತ್ತು. ಆದ್ರೆ ಇವತ್ತು ಆ ಸಾಲುಗಳನ್ನ ನೋಡಿದ್ರೆ ಯಾರು ಯಾರನ್ನ ನಂಬ್ತಾರೆ ಅನ್ನೋ ನಕ್ಷೆನೇ ಸಿಗತ್ತೆ. 2005ರಲ್ಲಿ ಕೋಡ್ ಬದಲಾವಣೆಗಳ ಲೆಕ್ಕ ಇಡೋ ಬಿಟ್‌ಕೀಪರ್ ಅನ್ನೋ ಟೂಲ್‌ನ ಉಚಿತ ಲೈಸೆನ್ಸ್ ಹೋಗಿದ್ದಕ್ಕೆ ಲೀನಸ್ ಅದರ ಬದಲಿಗೆ ಗಿಟ್ ಬರೆದಾಗ ಅದೂ ಇದೇ ಆಕಾರದಲ್ಲಿ ಬಂತು, ಒಬ್ಬೊಬ್ಬರ ಹತ್ರನೂ ಪೂರ್ತಿ ರೆಪೊ (ಕೋಡು, ಅದರ ಇಡೀ ಹಿಸ್ಟರಿ), ನಂಬಿಕೆ ಇರೋರ ಹತ್ರದಿಂದ ಎಳ್ಕೊಳ್ಳೋದು.

ಇನ್ನೊಂದು ವಿಷ್ಯ. ಕರ್ನಲ್ ಕೋಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಒಂದು ಡ್ರೈವರ್ ಬರೆಯೋರಿಗೆ ಇನ್ನೊಂದು ಡ್ರೈವರ್‌ನವರ ಜೊತೆ ಮಾತೇ ಬೇಕಾಗಲ್ಲ. ಜನರ ಮಧ್ಯೆ ಮಾತುಕತೆ ಹೆಂಗಿರತ್ತೋ ಅವರು ಕಟ್ಟೋ ಸಾಫ್ಟ್‌ವೇರ್ ಹಂಗೇ ಇರತ್ತೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ರು, ಇಲ್ಲಿ ಉಲ್ಟಾನೂ ನಿಜ: ಕೋಡ್ ತುಂಡು ತುಂಡಾಗಿ ಇರೋದ್ರಿಂದಲೇ ಇಷ್ಟು ಜನ ಒಬ್ಬರಿಗೊಬ್ಬರು ಅಡ್ಡ ಬರದೆ ಕೆಲಸ ಮಾಡೋಕೆ ಆಗ್ತಿದೆ.

ಹಂಗಾದ್ರೆ ಇದು ವಶೀಲಿ ಅಲ್ವಾ?

ಈ ಪ್ರಶ್ನೆ ಕೇಳೋರ ಮೇಲೆ ನನಗೆ ಬೇಜಾರಿಲ್ಲ, ಕೇಳ್ಬೇಕಾದ ಪ್ರಶ್ನೆನೇ. ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳೋ ತಾಣ) ಮೇಲಿನ ಪುಲ್ ರಿಕ್ವೆಸ್ಟ್‌ಗಳನ್ನ (ನನ್ನ ಬದಲಾವಣೆ ತಗೊಳ್ಳಿ ಅಂತ ಕಳಿಸೋ ಕೋರಿಕೆ) ನೋಡಿ ಜೇಸನ್ ಸೇ, ಲಾರಾ ಡ್ಯಾಬಿಶ್, ಜೇಮ್ಸ್ ಹರ್ಬ್ಸ್‌ಲೆಬ್ ಅನ್ನೋರು 2014ರಲ್ಲಿ ಮಾಡಿದ ಅಧ್ಯಯನದಲ್ಲಿ, ಕಳಿಸಿದೋರಿಗೂ ಪ್ರಾಜೆಕ್ಟ್‌ನವರಿಗೂ ಮುಂಚೆಯೇ ನಂಟಿದ್ರೆ ಒಪ್ಪಿಗೆ ಸಿಗೋ ಸಾಧ್ಯತೆ ಜಾಸ್ತಿ ಅಂತ ಕಂಡಿತ್ತು. ಅದಕ್ಕೂ ಮುಂಚೆ, ಇಂಥದ್ದೇ ಹಳೇ ತಾಣ ಸೋರ್ಸ್‌ಫೋರ್ಜ್ ಕಾಲದ ಡೇಟಾ ಇಟ್ಕೊಂಡು 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹೊಸ ಪ್ರಾಜೆಕ್ಟ್ ಶುರು ಮಾಡಿದೋರ ಜೊತೆ ಹಿಂದೆ ಕೆಲಸ ಮಾಡಿದೋರೇ ಅದಕ್ಕೆ ಸೇರೋದು ಹೆಚ್ಚು ಅಂತ ತಿಳಿದಿತ್ತು. ನಂಟಿಗೆ ಬೆಲೆ ಇದೆ ಅನ್ನೋದು ಬರೀ ಗಾಳಿಮಾತಲ್ಲ.

ಆದ್ರೆ ವಶೀಲಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ ಅಂತ ನಾನು ನಂಬ್ತೀನಿ. ವಶೀಲಿ ಅಂದ್ರೆ ಕೆಲಸ ಬರದೇ ಇದ್ರೂ ಒಳಗೆ ಹೋಗೋದು. ಇಲ್ಲಿ ನಂಟು ಹುಟ್ಟೋದೇ ಎಲ್ಲರ ಕಣ್ಣೆದುರು ಮಾಡಿದ ಕೆಲಸದಿಂದ, ಆ ಕೆಲಸ ಇವತ್ತಿಗೂ ಹಿಸ್ಟರಿಯಲ್ಲಿ ಇರತ್ತೆ, ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಹಂಗಂತ ಎಲ್ಲ ನ್ಯಾಯವಾಗಿ ನಡಿಯತ್ತೆ ಅಂತ ಹೇಳಲ್ಲ. 2017ರಲ್ಲಿ ಪ್ರಕಟ ಆದ ಇನ್ನೊಂದು ಅಧ್ಯಯನ ಗಿಟ್‌ಹಬ್‌ನಲ್ಲಿ ಹೆಂಗಸರ ಪುಲ್ ರಿಕ್ವೆಸ್ಟ್‌ಗಳು ಒಟ್ಟಾರೆ ಗಂಡಸರದ್ದಕ್ಕಿಂತ ಹೆಚ್ಚಾಗೇ ಒಪ್ಪಿಗೆ ಆಗ್ತಿದ್ವು ಅಂತ ತೋರಿಸ್ತು, ಆದ್ರೆ ಪ್ರಾಜೆಕ್ಟ್‌ಗೆ ಹೊಸಬರಾಗಿದ್ದು ಪ್ರೊಫೈಲ್ ನೋಡಿದ್ರೆ ಹೆಂಗಸು ಅಂತ ಗೊತ್ತಾಗೋ ಹಾಗಿದ್ರೆ ಮಾತ್ರ ಅದು ತಿರುಗಿಬಿಡ್ತಿತ್ತು. ನಂಟಿಲ್ಲದೇ ಇದ್ದಾಗ ಜನ ಕೋಡ್ ಓದೋ ಮುಂಚೆ ಹೆಸರು ಓದ್ತಾರೆ, ಫೋಟೊ ನೋಡ್ತಾರೆ, ಯಾವ ದೇಶ ಅಂತ ನೋಡ್ತಾರೆ. ಇದನ್ನ ಓದಿದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು.

ಮುಖಾಮುಖಿ ಭೇಟಿ ಆಗ್ಲೇಬೇಕಾ? ಎಲ್ಲ ಆನ್‌ಲೈನ್ ಅಲ್ವಾ?

ಡೆಬಿಯನ್ ನೋಡಿ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡಿಸ್ಟ್ರಿಬ್ಯೂಷನ್ ಅದು, ಅಂದ್ರೆ ಲಿನಕ್ಸ್ ಕರ್ನಲ್ ಜೊತೆ ಬೇರೆ ಸಾಫ್ಟ್‌ವೇರೆಲ್ಲ ಸೇರಿಸಿ ಕೊಡೋ ಕಟ್ಟು. ಅಲ್ಲಿ ಡೆವಲಪರ್ ಆಗ್ಬೇಕು ಅಂದ್ರೆ ನಿಮ್ಮ ಜಿಪಿಜಿ ಕೀಗೆ (ಆನ್‌ಲೈನ್‌ನಲ್ಲಿ ಇದು ನೀವೇ ಅಂತ ತೋರಿಸೋ ಡಿಜಿಟಲ್ ಕೀ) ಈಗಾಗ್ಲೇ ಒಳಗಿರೋರು ಸಹಿ ಹಾಕ್ಬೇಕು, ಆ ಸಹಿ ಹಾಕೋಕೆ ಮುಂಚೆ ಸಾಮಾನ್ಯವಾಗಿ ಎದುರಾ ಬದುರು ಕೂತು ಗುರುತಿನ ಚೀಟಿ ನೋಡ್ತಾರೆ. ಕರ್ನಲ್‌ನವರೂ 2011ರಲ್ಲಿ ಕರ್ನಲ್ ಡಾಟ್ ಆರ್ಗ್ ಸರ್ವರ್‌ಗೆ ಯಾರೋ ನುಗ್ಗಿದ ಮೇಲೆ ಇದೇ ದಾರಿ ಹಿಡಿದ್ರು. ಊರಿಂದ ದೂರ ಇರೋರಿಗೆ, ವೀಸಾ ಸಿಗದೇ ಇರೋರಿಗೆ ಇದು ಕಷ್ಟ ಅನ್ನೋದು ನಿಜ. 2023ರಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲಿ ನಡೆದಿದ್ದು ಅದಕ್ಕೇ ದೊಡ್ಡ ವಿಷ್ಯ, ಬೆಂಗಳೂರಿಂದ ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆಗೆ ಆ ಜನರ ಮಧ್ಯೆ ಇರ್ಬಹುದಿತ್ತು.

ಅಷ್ಟೇನೂ ಪರಿಚಯ ಇಲ್ಲದೋರು ಜಾಸ್ತಿ ಉಪಯೋಗಕ್ಕೆ ಬರ್ತಾರೆ ಅಂತಾರಲ್ಲ, ಅದು ನಿಜಾನಾ?

ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲಿ ಹೇಳಿದ ಮಾತದು. ಹತ್ತಿರದ ಸ್ನೇಹಿತರಿಗೆ ಗೊತ್ತಿರೋದು ನಿಮಗೂ ಗೊತ್ತಿರತ್ತೆ, ಹೊಸ ಸುದ್ದಿ ಬರೋದು ಅಪರೂಪಕ್ಕೆ ಸಿಗೋರಿಂದ. ಓಪನ್ ಸೋರ್ಸ್‌ನಲ್ಲಿ ಎರಡು ಪ್ರಾಜೆಕ್ಟ್‌ನಲ್ಲೂ ಕಾಲಿಟ್ಟಿರೋ ಒಬ್ಬರಿದ್ರೆ ಸಾಕು, ಅಲ್ಲಿ ಸಿಕ್ಕ ಬಗ್ ಪರಿಹಾರ ಇಲ್ಲಿಗೆ ಬರತ್ತೆ. ಆದ್ರೆ ಸುದ್ದಿಗೆ ಸಡಿಲ ನಂಟು ಸಾಕು, ಜವಾಬ್ದಾರಿಗೆ ಸಾಕಾಗಲ್ಲ. ರಾತ್ರಿ ಹನ್ನೊಂದಕ್ಕೆ ಬಿಲ್ಡ್ (ಕೋಡನ್ನ ಓಡೋ ಪ್ರೋಗ್ರಾಮ್ ಮಾಡೋ ಹಂತ) ಒಡೆದು ಹೋದಾಗ ಎದ್ದು ನೋಡೋರು ಗಟ್ಟಿ ನಂಟಿನೋರೇ. ಎರಡೂ ಬೇಕು.

ಗಿಟ್‌ಹಬ್ ಬಂದ್ಮೇಲೆ ಎಲ್ಲ ಸುಲಭ ಆಯ್ತಲ್ವಾ?

ಬಾಗಿಲು ದೊಡ್ಡದಾಯ್ತು, ಅದು ಹೌದು. 2008ಕ್ಕೆ ಮುಂಚೆ ಒಂದು ಪ್ರಾಜೆಕ್ಟ್‌ಗೆ ಪ್ಯಾಚ್ ಕಳಿಸ್ಬೇಕು ಅಂದ್ರೆ ಅವರ ಮೇಲಿಂಗ್ ಲಿಸ್ಟ್ ಹುಡುಕಿ, ಅವರ ರೀತಿ ರಿವಾಜು ಕಲಿತು, ಆಮೇಲೆ ಕಳಿಸ್ಬೇಕಿತ್ತು. ಗಿಟ್‌ಹಬ್ಬು ಫಾಲೋವರ್ಸು, ಸ್ಟಾರು (ಇಷ್ಟ ಆದ ಪ್ರಾಜೆಕ್ಟ್‌ಗೆ ಒತ್ತೋ ಗುರುತು), ಯಾವ ದಿನ ಎಷ್ಟು ಕೆಲಸ ಮಾಡಿದ್ರಿ ಅಂತ ತೋರಿಸೋ ಪ್ರೊಫೈಲ್ ಮೇಲಿನ ಹಸಿರು ಚೌಕಗಳು ಇವನ್ನೆಲ್ಲ ಕೋಡ್ ಪಕ್ಕದಲ್ಲೇ ಇಟ್ಟುಬಿಡ್ತು. ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರ್‌ಗೆ ಗಿಟ್‌ಹಬ್‌ನ ಕೊಂಡ್ಕೊಳ್ಳೋದಾಗಿ ಹೇಳಿದ್ದು ಬರೀ ಕೋಡ್ ಇಡೋ ಜಾಗಕ್ಕಲ್ಲ, ಆ ಜನರ ಬಲೆಗೆ ಅಂತ ನನ್ನ ಲೆಕ್ಕ.

ಬಾಗಿಲು ದೊಡ್ಡದಾದಾಗ ಏನಾಗತ್ತೆ ಅಂತ 2020ರ ಅಕ್ಟೋಬರ್‌ನಲ್ಲಿ ನೋಡಿದ್ವಿ. ಹ್ಯಾಕ್ಟೋಬರ್‌ಫೆಸ್ಟ್ ಅಂತ ಡಿಜಿಟಲ್‌ಓಷನ್ ಕಂಪನಿ ನಡೆಸೋ ಕಾರ್ಯಕ್ರಮ, ಆಗ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದ್ರೆ ಟೀಶರ್ಟ್ ಸಿಗ್ತಿತ್ತು. ರೀಡ್‌ಮಿ ಫೈಲ್‌ನಲ್ಲಿ ಒಂದು ಪದ ಸೇರಿಸಿ ಕಳಿಸಿದ್ರೂ ನಡಿಯತ್ತೆ ಅನ್ನೋದು ಒಬ್ಬರಿಂದೊಬ್ಬರಿಗೆ ಹರಡಿ ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್‌ಗಳ ಇನ್‌ಬಾಕ್ಸ್ ತುಂಬಿ ಹೋಯ್ತು, ಕೊನೆಗೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮ ಬದಲಾಯಿಸ್ಬೇಕಾಯ್ತು. ಅದ್ರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಬಹಳ ಜನ ಇದ್ರು. ನಾನು ಅವರನ್ನ ಬೈಯಲ್ಲ, ಅವರಿಗೆ ಪುಲ್ ರಿಕ್ವೆಸ್ಟ್ ಅಂದ್ರೆ ಒಂದು ಬಟನ್ ಅಂತ ಹೇಳ್ಕೊಟ್ಟಿದ್ರು, ಆ ಬಟನ್ ಆಚೆ ಕಡೆ ಕೂತು ಓದೋ ಒಬ್ಬ ಮನುಷ್ಯ ಇದಾರೆ ಅಂತ ಯಾರೂ ಹೇಳಿರ್ಲಿಲ್ಲ.

ಸ್ಟಾರ್ ನೋಡಿ ಪ್ರಾಜೆಕ್ಟ್ ಆರಿಸ್ಕೊಬಹುದಾ?

ಬೇಡ. ಸ್ಟಾರ್‌ಗಳನ್ನ ದುಡ್ಡು ಕೊಟ್ಟು ತಗೊಳ್ಳೋರಿದಾರೆ. ಜನ ಇದನ್ನ ನೋಡಿದಾರೆ ಅಂತ ಹೇಳತ್ತೆ ಅಷ್ಟೆ.

ಎಕ್ಸ್‌ಝಡ್ ಹಗರಣ ಅಂತಾರಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

ಎಲ್ಲ ಸಂಬಂಧನೂ ಇದೆ, ಇದನ್ನ ಸ್ವಲ್ಪ ನಿಧಾನವಾಗೇ ಹೇಳ್ತೀನಿ. ಎಕ್ಸ್‌ಝಡ್ ಅನ್ನೋದು ಫೈಲ್‌ಗಳನ್ನ ಕುಗ್ಗಿಸೋ ಒಂದು ಚಿಕ್ಕ ಲೈಬ್ರರಿ, ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇರತ್ತೆ. ಅದನ್ನ ವರ್ಷಾನುಗಟ್ಟಲೆ ನೋಡ್ಕೊಂಡು ಬಂದಿದ್ದು ಲಾಸೆ ಕಾಲಿನ್ ಒಬ್ಬರೇ, ಸಂಬಳ ಇಲ್ಲದೆ. 2021ರಲ್ಲಿ ಜಿಯಾ ಟಾನ್ ಅನ್ನೋ ಹೆಸರಲ್ಲಿ ಒಬ್ಬರು ಪ್ಯಾಚ್ ಕಳಿಸೋಕೆ ಶುರು ಮಾಡಿದ್ರು, ಒಳ್ಳೆ ಪ್ಯಾಚ್‌ಗಳೇ. 2022ರಲ್ಲಿ ಎಲ್ಲೂ ಕಾಣದ ಬೇರೆ ಬೇರೆ ಹೆಸರುಗಳು ಬಂದು "ಯಾಕೆ ಇಷ್ಟು ಲೇಟು, ಬೇರೆಯವರಿಗೆ ವಹಿಸಿಕೊಡಿ" ಅಂತ ಒತ್ತಡ ಹಾಕಿದ್ವು. ಕಾಲಿನ್ ತಮಗೆ ಬಹಳ ದಿನದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಬಿಡುವಿನಲ್ಲಿ ಸಂಬಳ ಇಲ್ಲದೆ ಮಾಡೋ ಕೆಲಸ ಅಂತ ಬಾಯಿಬಿಟ್ಟು ಬರೆದಿದ್ರು. ಆ ಮಾತಿಗೆ ಕೈ ಜೋಡಿಸೋಕೆ ಬಂದೋರು ಯಾರು ಅಂದ್ರೆ, ಅದೇ ಜಿಯಾ ಟಾನ್.

ನಿಧಾನಕ್ಕೆ ರಿಲೀಸ್ ಮಾಡೋ ಅಧಿಕಾರವೂ ಆ ಹೆಸರಿಗೆ ಹೋಯ್ತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದ್ರೆ ಹೊರಗಿನವರು ಗುಟ್ಟಾಗಿ ಒಳಗೆ ನುಗ್ಗೋ ದಾರಿ, ಇತ್ತು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್ ತಮ್ಮ ಮೆಷಿನ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಮೆಷಿನ್ ಒಳಗೆ ಹೋಗೋ ವ್ಯವಸ್ಥೆ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದು ಯಾಕೆ ಅಂತ ಬೆನ್ನು ಹತ್ತಿ ಹೋಗಿ ಅದನ್ನ ಹಿಡಿದು ಮಾರ್ಚ್ 29ಕ್ಕೆ ಎಲ್ಲರಿಗೂ ತಿಳಿಸಿದ್ರು. ಅಷ್ಟೊತ್ತಿಗೆ ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳಿಗೆ ಅದು ಸೇರಿಯಾಗಿತ್ತು.

ಜನ ಇದನ್ನ ಸೆಕ್ಯುರಿಟಿ ಕತೆ ಅಂತ ಓದ್ತಾರೆ. ನನಗಿದು ನಂಟಿನ ಕತೆ. ದಾಳಿ ಮಾಡಿದೋರು ಮೊದಲು ಒಡೆದಿದ್ದು ಕೋಡನ್ನಲ್ಲ, ಎರಡು ವರ್ಷ ಕೂತು ನಂಬಿಕೆ ಬೆಳೆಸಿದ್ರು, ಸುಳ್ಳು ಹೆಸರುಗಳಿಂದ ಜನಾಭಿಪ್ರಾಯ ಸೃಷ್ಟಿಸಿದ್ರು. ಲೋಕಕ್ಕೆಲ್ಲ ಬೇಕಾದ ಲೈಬ್ರರಿ ನೋಡ್ಕೊಳ್ಳೋ ಒಬ್ಬ ಮನುಷ್ಯನ ಸುತ್ತ ಇನ್ನು ನಾಲ್ಕು ಜನ ನಿಜವಾದೋರು ಇದ್ದಿದ್ರೆ "ಇವರ್ಯಾರಪ್ಪ, ಎಲ್ಲಿಂದ ಬಂದ್ರು" ಅಂತ ಯಾರಾದ್ರೂ ಒಬ್ಬರು ಕೇಳ್ತಿದ್ರು. ದಯವಿಟ್ಟು ಕಾಲಿನ್ ಮೇಲೆ ತಪ್ಪು ಹಾಕ್ಬೇಡಿ, ಅವರ ಕೆಲಸನ ಬಳಸಿ ಅವರನ್ನ ಒಂಟಿಯಾಗಿ ಬಿಟ್ಟಿದ್ದು ನಾವೆಲ್ಲ.

ನಂಬಿಕೆ ಒಂದು ಸಲ ಕೆಟ್ರೆ ಪೂರ್ತಿ ಸಂಸ್ಥೆಗೇ ಹೊಡೆತ ಬೀಳತ್ತಾ?

ಬೀಳತ್ತೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಬೇಕಂತಲೇ ದೋಷ ಇರೋ ಪ್ಯಾಚ್ ಕಳಿಸಿದ್ರೆ ಕರ್ನಲ್‌ನವರು ಹಿಡೀತಾರಾ ಅಂತ ಹೇಳದೆ ಕೇಳದೆ ಪ್ರಯೋಗ ಮಾಡಿದ್ರು. 2021ರ ಏಪ್ರಿಲ್‌ನಲ್ಲಿ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರೋ ಪ್ಯಾಚ್‌ಗಳನ್ನೇ ತಡೆದ್ರು, ಹಳೇವನ್ನೂ ಮತ್ತೆ ಕೂತು ಪರಿಶೀಲಿಸ್ಬೇಕಾಯ್ತು. ಆ ಪ್ರಯೋಗದ ಬಗ್ಗೆ ಬರೆದಿದ್ದ ಪ್ರಬಂಧವನ್ನ ಸಂಶೋಧಕರು ವಾಪಸ್ ತಗೊಂಡ್ರು. ಜಾಮೀನು ಹಾಕೋ ವ್ಯವಸ್ಥೆಯಲ್ಲಿ ಒಬ್ಬರು ಕೈ ಕೊಟ್ರೆ ಅದೇ ಮನೆಯವರಿಗೆಲ್ಲ ಸಾಲ ಹುಟ್ಟಲ್ಲ.

ದೊಡ್ಡ ಪ್ರಾಜೆಕ್ಟ್ ಅಂದ್ರೆ ಕೆಲಸ ಎಲ್ಲರಿಗೂ ಹಂಚಿರತ್ತೆ ಅಲ್ವಾ?

ಬಹಳ ಕಡೆ ಇಲ್ಲ. ಅಪಾಚೆ ವೆಬ್ ಸರ್ವರ್ ಬಗ್ಗೆ ಮಾಕಸ್, ಫೀಲ್ಡಿಂಗ್, ಹರ್ಬ್ಸ್‌ಲೆಬ್ ಮಾಡಿದ ಹಳೇ ಅಧ್ಯಯನ ಒಂದಿದೆ, ಸುಮಾರು 400 ಜನ ಕೋಡ್ ಕೊಟ್ಟಿದ್ರು, ಆದ್ರೆ ಬದಲಾವಣೆಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮೊದಲ 15 ಜನರದ್ದು. ನಡುವೆ ಗಟ್ಟಿ ಗುಂಪು, ಸುತ್ತ ಬಂದು ಹೋಗೋರು. ಇದ್ರಲ್ಲಿ ತಪ್ಪೇನಿಲ್ಲ, ಆದ್ರೆ ನಡುವಿನ ಗುಂಪು ಒಬ್ಬರಿಗೆ ಇಳಿದುಬಿಟ್ರೆ ಅಪಾಯ. ಪೈಥಾನ್‌ನವರು ಇದನ್ನ ಚೆನ್ನಾಗಿ ದಾಟಿದ್ರು ಅನ್ಸತ್ತೆ ನನಗೆ: 2018ರ ಜುಲೈನಲ್ಲಿ ಆ ಪ್ರೋಗ್ರಾಮಿಂಗ್ ಭಾಷೆ ಹುಟ್ಟುಹಾಕಿದ ಗಿಡೋ ವಾನ್ ರಾಸಮ್ ಕೊನೆ ಮಾತು ಹೇಳೋ ಜಾಗದಿಂದ ಕೆಳಗಿಳಿದ್ರು, ಒಂದು ಸಿಂಟ್ಯಾಕ್ಸ್ (ಕೋಡ್ ಬರೆಯೋ ವ್ಯಾಕರಣ) ಬದಲಾವಣೆ ಮೇಲಿನ ಜಗಳದಲ್ಲಿ ಅಷ್ಟು ದಣಿದಿದ್ರು, ಆಮೇಲೆ 2019ರಿಂದ ಚುನಾಯಿತ ಐದು ಜನರ ಮಂಡಳಿ ಆ ಜಾಗಕ್ಕೆ ಬಂತು.

ಜಗಳ ಆಗಿ ಫೋರ್ಕ್ ಮಾಡ್ಕೊಂಡ್ರೆ?

ಫೋರ್ಕ್ ಅಂದ್ರೆ ಕೋಡನ್ನ ಕಾಪಿ ಮಾಡ್ಕೊಂಡು ಬೇರೆ ಪ್ರಾಜೆಕ್ಟ್ ಆಗಿ ನಡೆಸೋದು. ಕೋಡ್ ಯಾರು ಬೇಕಾದ್ರೂ ಕಾಪಿ ಮಾಡ್ಬಹುದು, ಜನರನ್ನ ಕಾಪಿ ಮಾಡೋಕಾಗಲ್ಲ. ಫೋರ್ಕ್ ಬದುಕೋದು ಜನ ಯಾವ ಕಡೆ ಎದ್ದು ಹೋಗ್ತಾರೆ ಅನ್ನೋದ್ರ ಮೇಲೆ. ಒರಾಕಲ್ ಕಂಪನಿ ಕೈಗೆ ಓಪನ್ ಆಫೀಸ್ ಹೋದ್ಮೇಲೆ ಅದರ ಫೋರ್ಕ್ ಆಗಿ 2010ರಲ್ಲಿ ಲಿಬ್ರೆಆಫೀಸ್ ಬಂತು, ಕೆಲಸ ಮಾಡೋ ಜನ ಹೊಸದಕ್ಕೆ ಬಂದ್ರು, ಇವತ್ತು ನಾವು ಇನ್‌ಸ್ಟಾಲ್ ಮಾಡೋದು ಅದನ್ನೇ. ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್‌ನಿಂದ 2014ರ ಕೊನೆಗೆ ಒಡೆದು ಹೋದ ಐಒ ಜೆಎಸ್ ಮಾತ್ರ ಮರುವರ್ಷವೇ ವಾಪಸ್ ಒಂದಾಯ್ತು.

ಕಂಪನಿಯಲ್ಲಿ ಕೆಲಸ ಮಾಡೋರಿಗೆ ಇದು ಸುಲಭನಾ?

ಸುಲಭ. ಕರ್ನಲ್‌ನಲ್ಲಿ ಬಹುಪಾಲು ಕೆಲಸ ಸಂಬಳಕ್ಕೆ ಮಾಡೋರದ್ದೇ. ಅವರಿಗೆ ಪಕ್ಕದ ಸೀಟಿನಲ್ಲೇ ದಾರಿ ಗೊತ್ತಿರೋರು ಸಿಗ್ತಾರೆ, ಕಳಿಸೋ ಮುಂಚೆ ಪ್ಯಾಚನ್ನ ಯಾರೋ ಓದಿ ತಿದ್ದಿರ್ತಾರೆ. ಹಾಸನದಲ್ಲೋ ಹಾವೇರಿಯಲ್ಲೋ ಒಬ್ಬರೇ ಕೂತು ಮಾಡೋರಿಗೆ ಆ ಮೊದಲ ಓದುಗ ಇಲ್ಲ. ಅದಕ್ಕೇ ಗೂಗಲ್ ಸಮ್ಮರ್ ಆಫ್ ಕೋಡ್, ಔಟ್‌ರೀಚಿ ತರ ಹೊಸಬರಿಗೆ ದುಡ್ಡು ಕೊಟ್ಟು ಕೆಲಸ ಕಲಿಸೋ ಕಾರ್ಯಕ್ರಮಗಳಿಗೆ ನಾನು ಬೆಲೆ ಕೊಡೋದು, ದುಡ್ಡಿಗಿಂತ ಹೆಚ್ಚಾಗಿ ಅಲ್ಲಿ ಹೆಸರು ಹಿಡಿದು ಕರೆಯೋ ಒಬ್ಬ ಮೆಂಟರ್ ಸಿಗ್ತಾರೆ.

ಕನ್ನಡದ ಕೆಲಸದಲ್ಲಿ ಇದು ಹೆಂಗೆ ಕಾಣತ್ತೆ?

ಇಲ್ಲಿ ಬಲೆ ಚಿಕ್ಕದು, ಒಂದು ನೂಲು ಕಿತ್ರೂ ಗೊತ್ತಾಗತ್ತೆ. ಫೈರ್‌ಫಾಕ್ಸ್ ಅನುವಾದ ಪೊಂಟೂನ್ ಅನ್ನೋ ತಾಣದಲ್ಲಿ ನಡಿಯತ್ತೆ, ವಿಕಿಪೀಡಿಯದ ಹಿಂದಿರೋ ಮೀಡಿಯಾವಿಕಿಯದ್ದು ಟ್ರಾನ್ಸ್‌ಲೇಟ್‌ವಿಕಿಯಲ್ಲಿ, ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ದು ಅವರದ್ದೇ ವ್ಯವಸ್ಥೆಯಲ್ಲಿ. ಗ್ನೋಮ್‌ನಲ್ಲಿ ಒಂದೊಂದು ಭಾಷೆಗೂ ಒಬ್ಬ ಸಂಚಾಲಕರು, ಅನುವಾದ ಮಾಡೋರು, ಪರಿಶೀಲಿಸೋರು, ಕಮಿಟ್ ಮಾಡೋರು (ಕೊನೆಗೆ ಕೋಡ್‌ಗೆ ಸೇರಿಸೋರು) ಅಂತ ಪಾತ್ರಗಳಿರತ್ತೆ. ಪರಿಶೀಲಿಸೋರಿಗೆ ಕೆಲಸ ಬದಲಾಗಿ, ಮಗು ಆಗಿ, ಊರು ಬಿಟ್ಟು ಹೋಗಿ ಬಿಡುವಿಲ್ಲದೇ ಇದ್ರೆ, ಹತ್ತು ಜನ ಅನುವಾದ ಮಾಡಿದ್ರೂ ಅದು ಬಳಸೋರ ಸ್ಕ್ರೀನ್ ಮೇಲೆ ಬರಲ್ಲ. ನಾನು ಒಂದು ಕಡೆ ಹಾಕಿದ ಅನುವಾದಗಳು ಒಂದು ವರ್ಷ ಪರಿಶೀಲನೆಗೆ ಕಾಯ್ತಾ ಇದ್ವು, ಯಾರದ್ದೂ ಕೆಟ್ಟ ಉದ್ದೇಶ ಅಲ್ಲ, ಆ ಕಡೆ ಯಾರೂ ಇರ್ಲೇ ಇಲ್ಲ.

ಅದಕ್ಕೇ ನನ್ನ ಆಸೆ ಏನಂದ್ರೆ ಕನ್ನಡದಲ್ಲಿ ಹೊಸ ಅನುವಾದಕರನ್ನ ಕರೆಯೋದಕ್ಕಿಂತ ಮುಂಚೆ ಪರಿಶೀಲಕರನ್ನ ಬೆಳೆಸ್ಬೇಕು. ನಮ್ಮ ಕಡೆ ನಾಟಿ, ಕೊಯ್ಲಲ್ಲಿ ಮುಯ್ಯಾಳು ಇದೆಯಲ್ಲ, ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು, ಹಂಗೆ ಎರಡೆರಡು ಜನ ಜೋಡಿಯಾಗಿ ಒಬ್ಬರ ಸಾಲನ್ನ ಇನ್ನೊಬ್ಬರು ಓದಿದ್ರೆ ಸಾಕು. ಬೆಂಗಳೂರಲ್ಲಿ ಜಾಗಕ್ಕೂ ಜನಕ್ಕೂ ಕೊರತೆ ಇಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ ಆಮೇಲೆ ಫಾಸ್ (ಫ್ರೀ ಅಂಡ್ ಓಪನ್ ಸೋರ್ಸ್ ಸಾಫ್ಟ್‌ವೇರ್) ಡಾಟ್ ಇನ್ ಆದ ಸಮ್ಮೇಳನ ನಡೀತಿತ್ತು, ಈಗ ಫಾಸ್ ಯುನೈಟೆಡ್‌ನವರು ಇಂಡಿಯಾಫಾಸ್ ಮಾಡ್ತಾರೆ. ಅಲ್ಲಿಗೆ ಬರೋ ಕನ್ನಡದೋರು ಒಂದು ಮೇಜಿನ ಸುತ್ತ ಕೂತ್ರೂ ಎಷ್ಟೋ ಕೆಲಸ ಮುಂದೆ ಹೋಗತ್ತೆ.

ನಾನು ಹೊಸಬ, ಯಾರೂ ಗೊತ್ತಿಲ್ಲ, ಏನ್ ಮಾಡ್ಲಿ?

ಕೋಡ್ ಕಳಿಸೋಕೆ ಅವಸರ ಮಾಡ್ಬೇಡಿ. ಬೇರೆಯವರು ಹಾಕಿರೋ ಬಗ್ ರಿಪೋರ್ಟ್ ತಗೊಂಡು ನಿಮ್ಮ ಮೆಷಿನ್‌ನಲ್ಲೂ ಹಂಗೇ ಆಗತ್ತಾ ನೋಡಿ ಬರೀರಿ, ಮೇಂಟೇನರ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಒಂದು ತಿಂಗಳಲ್ಲಿ ನಿಮ್ಮ ಹೆಸರು ಅವರಿಗೆ ಗೊತ್ತಾಗಿರತ್ತೆ. ಯಾರಾದ್ರೂ ಇನ್ನೊಬ್ಬ ಹೊಸಬರ ಪ್ಯಾಚ್ ಕಾಯ್ತಾ ಇದ್ರೆ ಅದನ್ನ ಓಡಿಸಿ ನೋಡಿ ಫಲಿತಾಂಶ ಹೇಳಿ. ಒಂದೇ ಪ್ರಾಜೆಕ್ಟ್‌ನಲ್ಲಿ ಆರು ತಿಂಗಳಾದ್ರೂ ಇರಿ, ಹತ್ತು ಕಡೆ ಒಂದೊಂದು ಪುಲ್ ರಿಕ್ವೆಸ್ಟ್ ಹಾಕಿದ್ರೆ ಹತ್ತು ಕಡೆನೂ ನೀವು ಅಪರಿಚಿತರೇ. ಉತ್ತರ ಬರದೇ ಇದ್ರೆ ಎರಡು ವಾರ ಬಿಟ್ಟು ಒಂದು ಸಲ ಮರ್ಯಾದೆಯಿಂದ ನೆನಪಿಸಿ, ಕರ್ನಲ್ ಆದ್ರೆ ಯಾರಿಗೆ ಕಳಿಸ್ಬೇಕು ಅಂತ ಹೇಳೋ ಸ್ಕ್ರಿಪ್ಟೇ ಸೋರ್ಸ್ ಜೊತೆ ಬರತ್ತೆ, ಅದನ್ನ ಓಡಿಸದೆ ಕಳಿಸ್ಬೇಡಿ.

ಒಂದು ಪ್ರಾಜೆಕ್ಟ್ ಹೊಸಬರನ್ನ ಒಳಗೆ ಬಿಟ್ಕೊಳ್ಳತ್ತಾ ಇಲ್ವಾ ಅಂತ ಸೇರೋ ಮುಂಚೆ ಹೆಂಗೆ ಗೊತ್ತಾಗತ್ತೆ?

ಅವರ ಸ್ವಾಗತ ಪುಟ ಓದ್ಬೇಡಿ, ಮುಚ್ಚಿ ಹೋಗಿರೋ ಪುಲ್ ರಿಕ್ವೆಸ್ಟ್‌ಗಳನ್ನ ಓದಿ. ಕಳೆದ ಆರು ತಿಂಗಳದ್ದು ಒಂದು ಮೂವತ್ತು ತೆಗೀರಿ, ಮೊದಲನೇ ಸಲ ಕಳಿಸಿದೋರದ್ದು ಯಾವುದು ಅಂತ ಹುಡುಕಿ, ಅವರಿಗೆ ಎಷ್ಟು ದಿನಕ್ಕೆ ಉತ್ತರ ಬಂತು, ಉತ್ತರ ಕೊಟ್ಟಿದ್ದು ಒಬ್ಬರೇನಾ ಮೂರ್ನಾಲ್ಕು ಜನನಾ, ಬೇಡ ಅಂದಾಗ ಕಾರಣ ಹೇಳಿದ್ರಾ, ಅದೇ ಹೊಸಬರ ಹೆಸರು ಎರಡನೇ ಸಲ ಕಾಣ್ತಾ ನೋಡಿ. ಎರಡನೇ ಸಲ ಬಂದೋರು ಯಾರೂ ಇಲ್ಲ ಅಂದ್ರೆ ಬೇರೆ ಪ್ರಾಜೆಕ್ಟ್ ಹುಡುಕಿ. ಉತ್ತರ ಕೊಡ್ತಿರೋದು ಒಬ್ಬರೇ ಆಗಿದ್ದು, ಅವರು ರಾತ್ರಿ ಎರಡು ಗಂಟೆಗೂ ಸಮಾಧಾನದಿಂದ ಬರೀತಿದ್ರೆ, ಅಲ್ಲೇ ಸೇರ್ಕೊಳ್ಳಿ, ಅವರಿಗೆ ಜೊತೆ ಬೇಕಾಗಿದೆ.